ಆರಾಮ ಗುಂಪಿನ ಮೂರು ಸೊನ್ನೆಗಳು

ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಎರಡು ಕೋಣೆಯ ನನ್ನದೇ ಕ್ಲಿನಿಕ್ ತೆರೆದು ಎರಡನೇ ವರ್ಷ ನಡೆಯುತ್ತಿತ್ತು. ಕೊರೊನಾ ಗಲಾಟೆ ತಣ್ಣಗಾಗಿ, ಮನೆಯೊಳಗೆ ಕೂತು ಬೇಸತ್ತ ಜನ ಮೈದಾನಗಳಿಗೆ ಇಳಿದಿದ್ದ ಕಾಲ ಅದು. ನಲವತ್ತು ದಾಟಿದ ಮೇಲೆ ಓಡಲು ಶುರುಮಾಡಿದವರ ಮೊಣಕಾಲುಗಳೇ ನನ್ನ ಕ್ಲಿನಿಕ್ಕನ್ನು ನಡೆಸುತ್ತಿದ್ದವು ಅಂದರೂ ತಪ್ಪಿಲ್ಲ. ಕ್ಲಿನಿಕ್ಕಿನ ಹಿಂದೆಯೇ ಮನೆ. ಮದುವೆ ಆಗಲಿಲ್ಲ, ಅವ್ವ ತೀರಿಕೊಂಡು ಆರು ವರ್ಷ ಆಗಿತ್ತು. ಹಗಲೆಲ್ಲ ಜನರ ಮೈಮೇಲೆ ಕೈ ಇಟ್ಟು ಕೆಲಸ ಮಾಡುವವಳು, ಕ್ಲಿನಿಕ್ಕಿನ ಶಟರ್ ಎಳೆದ ಮೇಲೆ ಟಿ.ವಿ. ಜೊತೆ ಜಗಳವಾಡುತ್ತ ಊಟ ಮಾಡುತ್ತಿದ್ದೆ. ಒಂಟಿತನ ಅಂತ ಅದಕ್ಕೆ ಹೆಸರಿಟ್ಟಿರಲಿಲ್ಲ. ಪುರುಸೊತ್ತಿಲ್ಲ ಅಂತ ಕರೆಯುತ್ತಿದ್ದೆ.

ನನ್ನ ಬಳಿ ಬರುತ್ತಿದ್ದ ಓಟಗಾರರದ್ದು ಒಂದು ಗುಂಪಿತ್ತು. ಹದಿನಾರು ಜನ. ಅದರ ಯಜಮಾನಿಕೆ ವಿರೂಪಾಕ್ಷಪ್ಪನವರದು. ಬಟ್ಟೆ ಅಂಗಡಿ ಇಟ್ಟವರು, ಐವತ್ತರ ಆಸುಪಾಸು, ಮಾತು ಮತ್ತು ಹೊಟ್ಟೆ ಎರಡೂ ದೊಡ್ಡವು. ಹೊಟ್ಟೆ ಓಡಿ ಓಡಿ ಇಳಿಯಿತು, ಮಾತು ಇಳಿಯಲಿಲ್ಲ. ಎಲ್ಲಿಯೋ ವಿಡಿಯೋ ನೋಡಿ ನೀಲಿ ಬಣ್ಣದ ದೊಡ್ಡ ಡ್ರಮ್ ತರಿಸಿ, ಅದಕ್ಕೆ ಐಸ್ ಫ್ಯಾಕ್ಟರಿಯ ಐಸ್ ತುಂಬಿಸಿ, ಓಡಿದ ಮೇಲೆ ಸೊಂಟದ ತನಕ ಅದರಲ್ಲಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಗುಂಪಿನಲ್ಲಿ ಅದರ ಮೇಲೇ ಜಗಳ. ಕೆಲವರಿಗೆ ಐಸ್ ಬೇಕು, ಕೆಲವರಿಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರೆ ಸಮಾಧಾನ, ಕೆಲವರು ಮರುದಿನ ನಿಧಾನಕ್ಕೆ ನಡೆದರೆ ಸಾಕು ಅನ್ನುವವರು, ಇನ್ನು ಕೆಲವರು ಮನೆಗೆ ಹೋಗಿ ಮಲಗುವುದೇ ಮದ್ದು ಅನ್ನುವವರು. ಕೊನೆಗೆ ನನ್ನ ಹತ್ತಿರ ಬಂದರು.

"ಮೇಡಂ, ನೀವೇ ಇದನ್ನ ಬಗೆಹರಿಸಿಬಿಡ್ರಿ. ಯಾವುದು ಖರೇ ಅಂತ ಒಂದು ಸಲ ಗೊತ್ತಾಗಿಬಿಡ್ಲಿ," ಅಂದರು ವಿರೂಪಾಕ್ಷಪ್ಪ.

ನನಗೂ ಉಮೇದು ಬಂತು. ಆಸ್ಪತ್ರೆಯಲ್ಲಿದ್ದಾಗ ಅಳತೆ, ಚಾರ್ಟು, ಹೋಲಿಕೆ ಅಂದರೆ ನನಗೆ ಪ್ರಾಣ. ದೂರದ ಓಟದ ನಂತರ ಸ್ನಾಯುಗಳಲ್ಲಿ ಬರುವ ನೋವಿಗೆ ನಾವು ಡಾಮ್ಸ್ ಅನ್ನುತ್ತೇವೆ. ತಡವಾಗಿ ಬರುವ ನೋವು ಅಂತ ಅರ್ಥ. ಓಡಿದ ಗಳಿಗೆಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಮರುದಿನ ಅದರ ಮರುದಿನ ಮೆಟ್ಟಿಲು ಇಳಿಯುವಾಗ ತಾಯಿ ತಂದೆ ನೆನಪಾಗುತ್ತಾರೆ. ಮೂರು ನಾಲ್ಕು ದಿನಕ್ಕೆ ತಾನಾಗಿ ಇಳಿಯುತ್ತದೆ. ಇದನ್ನು ಬೇಗ ಇಳಿಸುವ ದಾರಿ ಯಾವುದು ಅಂತಲೇ ಎಲ್ಲರ ತಕರಾರು. ನಾಲ್ಕು ನಾಲ್ಕು ಜನರ ನಾಲ್ಕು ಗುಂಪು ಮಾಡಿ, ಒಂದೇ ದಿನ ಒಂದೇ ದೂರ ಓಡಿಸಿ, ಒಂದೊಂದು ಗುಂಪಿಗೆ ಒಂದೊಂದು ವಿಧಾನ ಕೊಟ್ಟು ಮೂರು ದಿನ ನೋವನ್ನು ಅಳೆಯುವುದು ಅಂತ ಯೋಚಿಸಿದೆ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾರದ ನೋವು. ಹದಿನಾರು ಜನರಿಂದ ವಿಜ್ಞಾನ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಒಂದು ಜಗಳ ಮುಗಿಸಲು ಅಷ್ಟು ಸಾಕು ಅಂದುಕೊಂಡೆ.

ಒಬ್ಬೊಬ್ಬರ ನೋವು ಗುರುತು ಹಾಕಿಕೊಳ್ಳುವ ಕಾರ್ಡು ಬರೆಯುವಾಗ ಒಂದು ಮಾತು ನಡೆಯಿತು. ಐಸ್, ಮಸಾಜ್, ನಡಿಗೆ ಅಂತ ಬರೆದು ನಾಲ್ಕನೆಯದಕ್ಕೆ ವಿಶ್ರಾಂತಿ ಅಂತ ಬರೆದಿದ್ದೆ. ವಿರೂಪಾಕ್ಷಪ್ಪ ನೋಡಿ ನಕ್ಕರು.

"ವಿಶ್ರಾಂತಿ ಅಂದ್ರ ಬಸ್ ಸ್ಟ್ಯಾಂಡಿನ ಬೋರ್ಡು ಓದಿದಂಗ ಆಗ್ತೈತೆ ಮೇಡಂ. ಆರಾಮ ಅಂತ ಬರೀರಿ. ಎಲ್ಲಾರಿಗೂ ತಿಳೀತೈತೆ."

ನನಗೂ ಸರಿ ಅನ್ನಿಸಿತು. ವಿಶ್ರಾಂತಿ ಹೊಡೆದು ಹಾಕಿ ಆರಾಮ ಅಂತ ಬರೆದೆ.

ಚೀಟಿ ಎತ್ತಿದ್ದು ಕ್ಲಿನಿಕ್ಕಿನಲ್ಲಿ. ಆರಾಮದ ಚೀಟಿ ಬಂದವರಲ್ಲಿ ಹರಿಹರದ ದಸ್ತಗೀರ್ ಸಾಹೇಬರು ಒಬ್ಬರು. ಐವತ್ನಾಲ್ಕು ವರ್ಷ, ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನ್ ಕೆಲಸ. ತೆಳ್ಳಗೆ, ಮಾತು ಕಡಿಮೆ. ವರ್ಷದ ಹಿಂದೆ ಹಿಮ್ಮಡಿ ನೋವು ಅಂತ ನನ್ನಲ್ಲಿಗೆ ಬಂದಿದ್ದಾಗ, ಈ ವಯಸ್ಸಿನಲ್ಲಿ ಓಟ ಯಾಕೆ ಹಚ್ಚಿಕೊಂಡಿರಿ ಅಂತ ಕೇಳಿದ್ದೆ. ಹೆಂಡತಿ ಹೋಗಿ ಮೂರು ವರ್ಷ ಆಯಿತು, ಮಕ್ಕಳಿಲ್ಲ, ಬೆಳಿಗ್ಗೆ ಐದಕ್ಕೆ ಎಚ್ಚರ ಆಗುತ್ತದೆ, ಎದ್ದು ಏನು ಮಾಡಲಿ ಅಂದಿದ್ದರು. ಭಾನುವಾರ ಹರಿಹರದಿಂದ ಮೊದಲ ಬಸ್ಸಿಗೆ ಬಂದು ಗುಂಪಿನ ಜೊತೆ ಓಡಿ, ಎಲ್ಲರ ಜೊತೆ ದೋಸೆ ತಿಂದು, ಯಾರಾದರೂ ಹೋಗೋಣ ಅಂದ ಮೇಲೇ ಏಳುತ್ತಿದ್ದರು.

ಚೀಟಿ ನೋಡಿಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಉಳಿದವರೆಲ್ಲ ಹೊರಗೆ ಹೋದ ಮೇಲೆ ಮೇಜಿನ ಹತ್ತಿರ ಬಂದರು.

"ಮೇಡಂ, ನಂದು ನಡಿಗೆ ಗುಂಪಿಗೆ ಬದಲಿ ಮಾಡ್ತೀರಾ? ಅವ್ರು ದಿನಾ ಬೆಳಿಗ್ಗೆ ಕೂಡ್ತಾರಲ್ರಿ."

"ಚೀಟಿ ಬದಲಿ ಮಾಡಂಗಿಲ್ರಿ ಸಾಬ್ರೆ. ಮಾಡಿದ್ರೆ ಲೆಕ್ಕಾನೇ ಕೆಡ್ತೈತೆ," ಅಂದೆ.

"ಮನಿಯಾಗ ಆರಾಮ ತಗೊಳ್ಳೋದು ನನಗ ದಿನಾ ಇದ್ದದ್ದೇ," ಅಂದು ನಕ್ಕರು. ನಾನೂ ನಕ್ಕೆ. ಆ ಮಾತಿನಲ್ಲಿ ಇದ್ದದ್ದು ನನ್ನ ಕಿವಿಗೆ ಬೀಳಲಿಲ್ಲ. ಬೀಳುವಂಥ ಕಿವಿ ಆ ಹೊತ್ತು ನನಗಿರಲಿಲ್ಲ, ಹದಿನಾರು ಕಾರ್ಡಿಗೆ ಪಂಚಿಂಗ್ ಮಾಡಿ ದಾರ ಪೋಣಿಸುವುದರಲ್ಲಿದ್ದೆ.

ಫೆಬ್ರವರಿ ಕೊನೆಯ ಭಾನುವಾರ ಓಟ. ದಾವಣಗೆರೆಯಿಂದ ಹಳೇ ರಸ್ತೆ ಹಿಡಿದು ಹರಿಹರದ ತುಂಗಭದ್ರಾ ಸೇತುವೆ ಮುಟ್ಟಿ ವಾಪಸು, ಹೆಚ್ಚು ಕಡಿಮೆ ಇಪ್ಪತ್ತೆಂಟು ಕಿಲೋಮೀಟರ್. ಐದು ಗಂಟೆಗೆ ಬಿಟ್ಟರು. ಆ ಸಲ ಬಿಸಿಲು ಶಿವರಾತ್ರಿಯನ್ನೂ ಕಾಯದೆ ಬಂದುಬಿಟ್ಟಿತ್ತು. ಎಂಟೂವರೆಗೆಲ್ಲ ಡಾಂಬರು ಕಾಯತೊಡಗಿತು. ಮುಂದಿನವರು ಎಂಟಕ್ಕೆ ಮೊದಲೇ ಮುಗಿಸಿದರು. ದಸ್ತಗೀರ್ ಸಾಹೇಬರು ಎಲ್ಲರಿಗಿಂತ ಕೊನೆಗೆ, ಒಂಬತ್ತೂಕಾಲಿಗೆ ಮೈದಾನಕ್ಕೆ ಬಂದರು. ತುಟಿ ಒಣಗಿತ್ತು. ಕಾಲು ಎಳೆದು ಹಾಕುತ್ತಿದ್ದರು. ಅಷ್ಟು ಹೊತ್ತಿಗೆ ವಿರೂಪಾಕ್ಷಪ್ಪ ಡ್ರಮ್ಮಿನೊಳಗೆ ಕೂತು ಹಲ್ಲು ಕಡಿಯುತ್ತಿದ್ದರು, ಸುತ್ತ ನಿಂತವರು ನಗುತ್ತಿದ್ದರು. ನಡಿಗೆಯವರು ಮರುದಿನ ಎಷ್ಟು ಗಂಟೆಗೆ ಎಲ್ಲಿ ಅಂತ ಮಾತಾಡಿಕೊಳ್ಳುತ್ತಿದ್ದರು. ಸಾಹೇಬರಿಗೆ ನಾನು ಒಂದು ಬಾಟಲಿ ನೀರು ಕೊಟ್ಟು, "ಈಗ ಸೀದಾ ಮನೆಗೆ. ಮೂರು ದಿನ ಕೆಲಸಕ್ಕೂ ರಜಾ ಹಾಕ್ರಿ, ಏನೂ ಮಾಡಬ್ಯಾಡ್ರಿ, ಆರಾಮ ತಗೊಳ್ರಿ. ಸಂಜೆ ಏಳಕ್ಕೆ ಫೋನ್ ಮಾಡ್ತೀನಿ," ಅಂದು ಬಸ್ ಸ್ಟ್ಯಾಂಡಿಗೆ ಕಳಿಸಿದೆ. ಗುಂಪಿನ ಜೊತೆ ದೋಸೆ ತಿನ್ನುವುದಕ್ಕೂ ಬಿಡಲಿಲ್ಲ. ಆರಾಮ ಅಂದರೆ ಆರಾಮ. ನಾನು ಅಷ್ಟು ಕಟ್ಟುನಿಟ್ಟು.

ಮೂರು ಸಂಜೆ ಹದಿನಾರು ಫೋನು. ಮೊದಲ ಐದಾರು ಜನಕ್ಕೆ ನೋವಿನ ನಂಬರು ಕೇಳಿ, ತೊಡೆ ಹೇಗಿದೆ, ಮೀನಖಂಡ ಹೇಗಿದೆ ಅಂತ ವಿಚಾರಿಸಿದೆ. ಆಮೇಲೆ ಬಾಯಿ ನೊಂದು ಒಬ್ಬೊಬ್ಬರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಸಾಹೇಬರ ಹೆಸರು ಪಟ್ಟಿಯಲ್ಲಿ ಕೊನೆಯದು.

ಭಾನುವಾರ ಸಂಜೆ, "ಹೆಂಗದೀರಿ ಸಾಬ್ರೆ?" ಅಂದೆ. "ಆರಾಮ್ರಿ ಮೇಡಂ," ಅಂದರು. ಸೊನ್ನೆ ಬರೆದೆ.

ಸೋಮವಾರ ಸಂಜೆ, "ಹೆಂಗದೀರಿ?" "ಆರಾಮ ಅದೀನ್ರಿ. ನಿಮ್ದು ಊಟ ಆತ್ರಿ?" "ಇಲ್ರಿ, ಇನ್ನೂ ಕೆಲಸ ಐತೆ," ಅಂದು ಇಟ್ಟೆ. ಸೊನ್ನೆ.

ಮಂಗಳವಾರ ಸಂಜೆಯೂ ಅದೇ ಪ್ರಶ್ನೆ, ಅದೇ ಉತ್ತರ. ಧ್ವನಿ ಸ್ವಲ್ಪ ಭಾರ ಇತ್ತು, ನಿದ್ದೆಗಣ್ಣಿನಲ್ಲಿ ಇದ್ದಾರೆ ಅಂದುಕೊಂಡೆ. ಇಡುವಾಗ ಅವರು, "ಮೇಡಂ, ನಾಳೆನೂ ಫೋನ್ ಮಾಡ್ತೀರೇನ್ರಿ?" ಅಂತ ಕೇಳಿದರು. "ಇಲ್ರಿ, ಮೂರೇ ದಿನ. ಇವತ್ತಿಗೆ ಮುಗೀತು," ಅಂದೆ. "ಹೌದ್ರಾ," ಅಂದರು. ಮೂರನೇ ಸೊನ್ನೆ ಬರೆದು ಪೆನ್ನಿನ ಕ್ಯಾಪ್ ಹಾಕಿದೆ.

ಬುಧವಾರ ಹನ್ನೊಂದರ ಮೇಲೆ ಪೇಶಂಟುಗಳಿರಲಿಲ್ಲ. ಕಾರ್ಡುಗಳನ್ನು ಹರಡಿಕೊಂಡು ಕೂಡಿಸಿದೆ. ಕಡಿಮೆ ಬಂದವರು ಗೆದ್ದಂತೆ. ಐಸ್ ಗುಂಪಿಗೆ ಅರವತ್ತೊಂದು, ಮಸಾಜಿಗೆ ಐವತ್ತೆಂಟು, ನಡಿಗೆಗೆ ಐವತ್ತೇಳು, ಆರಾಮಕ್ಕೆ ಐವತ್ಮೂರು. ಸುಮ್ಮನೆ ಮನೆಯಲ್ಲಿ ಮಲಗಿದವರೇ ಗೆದ್ದಿದ್ದರು. ವಿರೂಪಾಕ್ಷಪ್ಪನವರ ನೀಲಿ ಡ್ರಮ್ಮು ಕಣ್ಮುಂದೆ ಬಂದು ಒಬ್ಬಳೇ ನಕ್ಕೆ. ಅವರ ಮುಖ ಹೇಗಾಗಬಹುದು ಅಂತ ನೆನೆಸಿಕೊಂಡು ಒಂದು ಲೋಟ ಚಹಾ ಮಾಡಿಕೊಂಡು ಬಂದೆ. ಕುಡಿಯುತ್ತ ಮತ್ತೊಮ್ಮೆ ನೋಡಿದಾಗ ಆರಾಮದ ನಾಲ್ಕು ಕಾರ್ಡುಗಳಲ್ಲಿ ಮೂರಕ್ಕೆ ಆರು, ಏಳು, ಐದು ಅಂತ ಸಂಖ್ಯೆ ಇದ್ದವು. ನಾಲ್ಕನೆಯದಕ್ಕೆ ಸೊನ್ನೆ, ಸೊನ್ನೆ, ಸೊನ್ನೆ. ಆ ಕಾರ್ಡನ್ನು ತೆಗೆದು ಪಕ್ಕಕ್ಕಿಟ್ಟು ಉಳಿದದ್ದರ ಸರಾಸರಿ ತೆಗೆದರೆ ಆರಾಮದ ಗುಂಪು ಎಲ್ಲರಿಗಿಂತ ಹಿಂದೆ.

ಇಪ್ಪತ್ತೆಂಟು ಕಿಲೋಮೀಟರ್ ಬಿಸಿಲಲ್ಲಿ ಓಡಿ, ಕಾಲೆಳೆದುಕೊಂಡು ಬಂದ ಮನುಷ್ಯನಿಗೆ ಸಂಜೆ ನೋವು ಸೊನ್ನೆ ಇರಲು ಸಾಧ್ಯವೇ ಇಲ್ಲ. ಹದಿನೆಂಟರ ಹುಡುಗರಿಗೂ ಇರುವುದಿಲ್ಲ. ಇದು ಗೊತ್ತಿದ್ದೂ ಮೂರು ದಿನ ನನ್ನ ಕೈಯಾರೆ ಬರೆದಿದ್ದೇನೆ. ಮೊದಲು ನನಗೆ ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ಈ ಸಾಬ್ರು ನನ್ನ ಲೆಕ್ಕ ಕೆಡಿಸಿದರಲ್ಲ ಅಂತ. ಬೈಯಲೆಂದೇ ಫೋನ್ ಮಾಡಿದೆ. ಎರಡು ಸಲ ರಿಂಗಾಗಿ ನಿಂತಿತು. ಮೂರನೇ ಸಲ ಎತ್ತಿದರು. ನಾಲಿಗೆ ದಪ್ಪ ಆದಂತೆ ಕೇಳುತ್ತಿತ್ತು.

"ಸಾಬ್ರೆ, ಖರೇ ಹೇಳ್ರಿ. ಮೂರೂ ದಿನ ನೋವು ಸೊನ್ನೆ ಹೆಂಗಾತು?"

"ಸೊನ್ನೆ ನಾನೆಲ್ಲಿ ಅಂದೆ ಮೇಡಂ? ನೀವು ಹೆಂಗದೀರಿ ಅಂದ್ರಿ, ಆರಾಮ ಅಂದೆ. ನೀವೇ ಹೇಳಿದ್ರಲ್ರಿ ಆರಾಮ ತಗೋಬೇಕು ಅಂತ. ನೀವು ಹೇಳಿದಂಗ ಮಲಗೇ ಅದೀನಿ."

ಚಹಾದ ಲೋಟ ಕೆಳಗಿಟ್ಟೆ. ನಮ್ಮ ಕಡೆ ಯಾರಾದರೂ ಹೆಂಗದೀರಿ ಅಂದರೆ ಆರಾಮ ಅನ್ನುವುದು ಉಸಿರಾಡಿದಷ್ಟೇ ಸಹಜ. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಳ್ಳುತ್ತ ಕೂತವರೂ ಮೊದಲು ಆರಾಮ ಅಂದು ಆಮೇಲೆ ನೋವು ಹೇಳುತ್ತಾರೆ. ಇಪ್ಪತ್ತೆಂಟು ವರ್ಷ ಆ ಮಾತನ್ನು ದಾಟಿ ಒಳಗಿನದನ್ನು ಕೇಳುವುದೇ ನನ್ನ ಕೆಲಸವಾಗಿತ್ತು. ಅದೇ ಮಾತನ್ನು ಗುಂಪಿಗೆ ಹೆಸರಿಟ್ಟು, ಅದೇ ಮಾತನ್ನು ಉತ್ತರವೆಂದು ಬರೆದುಕೊಂಡಿದ್ದೆ.

"ಈಗ ಎದ್ದು ನಿಲ್ರಿ ನೋಡೋಣ," ಅಂದೆ.

"ಎದ್ದೇಳಾಕ ಆಗವಲ್ದು ಮೇಡಂ. ತೊಡಿ ಬಿಗಿದು ಕಟ್ಟಿಗಿ ಆಗ್ಯಾವು."

"ಮೂತ್ರ ಯಾವ ಬಣ್ಣ ಐತೆ?"

"ಅದನ್ನ ನಿಮಗ ಹೆಂಗ ಹೇಳ್ಲಿ," ಅಂದರು.

"ನಾಚಿಕೊಳ್ಳೋ ಟೈಮ್ ಅಲ್ಲ ಇದು. ಹೇಳ್ರಿ."

"ಚಾ ಡಿಕಾಕ್ಷನ್ ಇದ್ದಂಗ ಐತ್ರಿ, ಕರ್ರಗ. ನಿನ್ನೆಯಿಂದ ಸರಿ ಬರ್ತಾನೂ ಇಲ್ಲ. ಉಷ್ಣ ಆಗೈತೆ ಅಂತ ಮಜ್ಜಿಗಿ ಕುಡ್ದೀನಿ."

ಉಷ್ಣ ಅನ್ನುವ ಇನ್ನೊಂದು ಮಾತು ನಮ್ಮಲ್ಲಿ ಎಲ್ಲಕ್ಕೂ ನಡೆಯುತ್ತದೆ. ಆದರೆ ದೂರ ಓಡಿದ ಮೇಲೆ ಮೂತ್ರ ಕಪ್ಪಾಗುವುದಕ್ಕೆ ನಮ್ಮ ವೃತ್ತಿಯಲ್ಲಿ ಬೇರೆ ಹೆಸರಿದೆ. ರ‍್ಯಾಬ್ಡೋಮಯಾಲಿಸಿಸ್. ಅಪರೂಪಕ್ಕೆ, ಮೈ ತಡೆಯಲಾರದಷ್ಟು ಶ್ರಮವಾದಾಗ ಸ್ನಾಯುವಿನ ಜೀವಕೋಶಗಳು ಒಡೆದು ಒಳಗಿನದೆಲ್ಲ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಲು ಹೋಗಿ ಕಿಡ್ನಿ ಕಟ್ಟಿಕೊಳ್ಳುತ್ತದೆ. ಹಾಗೇ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತುಹೋಗಬಹುದು. ಡಾಮ್ಸ್ ನೋವಿನ ಹಾಗೆಯೇ ಇದೂ ಶುರುವಾಗುವುದರಿಂದ ಎರಡಕ್ಕೂ ವ್ಯತ್ಯಾಸ ತಿಳಿಯುವುದು ಕೇಳಿದರೆ ಮಾತ್ರ. ನಾನು ಕೇಳಿರಲಿಲ್ಲ.

ವಿರೂಪಾಕ್ಷಪ್ಪನವರಿಗೆ ಫೋನ್ ಮಾಡಿ ಕಾರು ತರಿಸಿದೆ. ಅಂಗಡಿಯನ್ನು ಹಾಗೇ ಬಿಟ್ಟು ಬಂದರು. ದಾರಿಯಲ್ಲಿ ಎಲ್ಲ ಹೇಳಿದೆ.

ಸಾಹೇಬರ ಮನೆ ಒಂದು ಸಣ್ಣ ಗಲ್ಲಿಯಲ್ಲಿ, ಒಂದು ಕೋಣೆ ಒಂದು ಅಡುಗೆಮನೆ. ಬಾಗಿಲು ಬಡಿದೆವು. ಒಳಗಿಂದ "ಬಂದೆ ಬಂದೆ" ಅನ್ನುವ ಧ್ವನಿ ಬಂತು. ಆಮೇಲೆ ನೆಲದ ಮೇಲೆ ಏನೋ ಎಳೆದಂತೆ ಸದ್ದು. ಎಂಟು ಹೆಜ್ಜೆಯ ಕೋಣೆ ದಾಟಿ ಚಿಲಕ ತೆಗೆಯಲು ಅವರಿಗೆ ಐದು ನಿಮಿಷ ಹಿಡಿಯಿತು. ತೆವಳಿಕೊಂಡು ಬಂದಿದ್ದರು. ಬಾಗಿಲು ತೆರೆದು ನೆಲದಲ್ಲಿ ಕೂತೇ, "ಬರ್ರಿ ಮೇಡಂ, ಕೂಡ್ರಿ. ಚಾ ಮಾಡಾಕ ಆಗಂಗಿಲ್ಲ ನೋಡ್ರಿ," ಅಂದರು.

ತೊಡೆ ಮುಟ್ಟಿ ನೋಡಿದೆ. ಹಲಗೆ. ಮುಖ ಊದಿತ್ತು. ಹಾಸಿಗೆಯ ಪಕ್ಕ ಮೆಡಿಕಲ್ ಶಾಪಿನಿಂದ ತಂದ ನೋವಿನ ಗುಳಿಗೆಯ ಪಟ್ಟಿ, ಹತ್ತರಲ್ಲಿ ಎರಡು ಉಳಿದಿದ್ದವು. ಕಿಡ್ನಿಗೆ ಕಷ್ಟ ಇರುವಾಗ ಆ ಗುಳಿಗೆಗಳು ಗಾಯದ ಮೇಲೆ ಬರೆ ಹಾಕಿದಂತೆ. ವಿಚಾರಿಸಿದರೆ, ಓಟದ ಎರಡು ದಿನ ಮುಂಚೆ ಜ್ವರವೂ ಬಂದಿತ್ತಂತೆ. ಹೇಳಿದರೆ ಓಡಲು ಬಿಡುವುದಿಲ್ಲ ಅಂತ ಹೇಳಿರಲಿಲ್ಲ. ನನ್ನ ಕಾರ್ಡಿನಲ್ಲಿ ಮೊಣಕಾಲಿನ ಬಗ್ಗೆ ನಾಲ್ಕು ಪ್ರಶ್ನೆಗಳಿದ್ದವು, ಜ್ವರದ ಬಗ್ಗೆ ಒಂದೂ ಇರಲಿಲ್ಲ. ಗುಳಿಗೆಯ ಪಟ್ಟಿಯ ಪಕ್ಕದಲ್ಲೇ ಫೋನು, ಗೋಡೆಯಿಂದ ದಿಂಬಿನ ತನಕ ಚಾರ್ಜರಿನ ವೈರು. ಏಳಲಾರದ ಮನುಷ್ಯ ಆ ಒಂದನ್ನು ಮಾತ್ರ ಕೈಗೆಟುಕುವ ಹಾಗೆ ಇಟ್ಟುಕೊಂಡಿದ್ದರು.

ವಿರೂಪಾಕ್ಷಪ್ಪ ಎತ್ತಿ ಕಾರಿಗೆ ಕೂರಿಸಿದರು. ದಾವಣಗೆರೆಗೆ ಬಂದು ದಾಖಲು ಮಾಡುವಾಗ ಕೌಂಟರಿನಲ್ಲಿದ್ದ ಹುಡುಗಿ ಫಾರಂ ತುಂಬುತ್ತ, "ಪೇಶಂಟ್‌ಗೆ ನೀವೇನಾಗ್ಬೇಕು?" ಅಂತ ಕೇಳಿದಳು. ಈ ಪ್ರಶ್ನೆಯನ್ನು ಬೇರೆಯವರಿಗೆ ಕೇಳುವುದನ್ನು ಸಾವಿರ ಸಲ ನೋಡಿದ್ದೇನೆ. ಫಿಸಿಯೋ ಅಂದರೆ ಆಕೆ ಒಪ್ಪಲಿಲ್ಲ, ಸಂಬಂಧಿಕರ ಸಹಿ ಬೇಕು ಅಂದಳು. ಸಾಹೇಬರ ಅಕ್ಕ ಕೊಕ್ಕನೂರಿನಲ್ಲಿದ್ದರು, ಅವರು ಬಂದು ಮುಟ್ಟುವ ತನಕ ಪರಿಚಿತರು ಅಂತ ಬರೆದು ಸಹಿ ಹಾಕಿದೆ.

ರಕ್ತದ ರಿಪೋರ್ಟು ಬಂತು. ಸ್ನಾಯು ಒಡೆದಾಗ ಏರುವ ಸಿ.ಕೆ. ಅನ್ನುವ ಅಂಶ ಸಾಮಾನ್ಯವಾಗಿ ಇನ್ನೂರರ ಒಳಗಿರಬೇಕು. ಇವರದ್ದು ನಲವತ್ತು ಸಾವಿರ ದಾಟಿತ್ತು. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಒಂದರ ಹತ್ತಿರ ಇರಬೇಕಾದದ್ದು ಆರರ ಹತ್ತಿರ. ಕಿಡ್ನಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಿಪೋರ್ಟಿನಿಂದ ತಲೆ ಎತ್ತಿ, "ಮೂರು ದಿನ ಇವರನ್ನ ಯಾರೂ ನೋಡಿಲ್ವಾ ಮೇಡಂ?" ಅಂದರು.

"ದಿನಾ ಮಾತಾಡ್ಸಿದೀನಿ," ಅಂದೆ. ಅದಕ್ಕಿಂತ ನಾಚಿಕೆಗೇಡಿನ ಮಾತನ್ನು ನಾನು ವೃತ್ತಿಯಲ್ಲಿ ಆಡಿದ್ದು ನೆನಪಿಲ್ಲ.

ನಾಲ್ಕು ಸಲ ಡಯಾಲಿಸಿಸ್ ಆಯಿತು. ಮೊದಲ ಎರಡು ದಿನ ಏನೂ ಹೇಳಲಾಗದು ಅಂದಿದ್ದರು. ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನ ಆಸ್ಪತ್ರೆ, ಸಂಜೆ ಮತ್ತೆ ಕ್ಲಿನಿಕ್. ಗುಂಪಿನವರು ಸರದಿ ಹಾಕಿಕೊಂಡು ಬಂದು ಕೂತರು. ಆರನೇ ದಿನ ಮೂತ್ರ ತಿಳಿಯಾಗತೊಡಗಿತು. ಕ್ರಿಯಾಟಿನಿನ್ ಇಳಿಮುಖವಾಯಿತು. ಡಾಕ್ಟರು ಕಿಡ್ನಿ ಉಳಿಯುತ್ತದೆ ಅಂದ ಮಧ್ಯಾಹ್ನ ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ. ಅವ್ವ ಹೋದಾಗಲೂ ಆಸ್ಪತ್ರೆಯಲ್ಲಿ ಅತ್ತವಳಲ್ಲ.

ಸಾಹೇಬರು ಕೂತು ಗಂಜಿ ಕುಡಿಯುವ ಹಾಗಾದ ಮೇಲೆ ಒಂದು ದಿನ ಅವರ ಎದುರು ಸ್ಟೂಲ್ ಎಳೆದುಕೊಂಡು ಕೂತು, "ತಪ್ಪು ನಂದು ಸಾಬ್ರೆ. ನಾನು ಸರಿಯಾಗಿ ಕೇಳ್ಲಿಲ್ಲ," ಅಂದೆ.

"ನಿಮ್ದು ಯಾಕ್ರಿ ತಪ್ಪು," ಅಂದರು. ಗಂಜಿಯ ಲೋಟ ಕೆಳಗಿಟ್ಟರು. "ನಾನೂ ಪೂರ್ತಿ ಹೇಳ್ಲಿಲ್ಲ ಮೇಡಂ. ದಿನಾ ಸಂಜಿ ಏಳಕ್ಕ ಫೋನ್ ಬರ್ತಿತ್ತು. ನಾಲ್ಕು ವರ್ಷದಾಗ ನನಗ ಟೈಮಿಗೆ ಸರಿಯಾಗಿ ಹೆಂಗದಿ ಅಂತ ಯಾರೂ ಕೇಳಿರ್ಲಿಲ್ಲ. ನೋವು ಭಾಳ ಐತೆ ಅಂದ್ರ ನನ್ನ ಹೆಸರು ಲಿಸ್ಟಿಂದ ತೆಗೆದುಬಿಡ್ತೀರೇನೋ ಅಂತ ಅಂಜಿಕಿ ಆತು."

ಅವರ ಲೋಟ ತೆಗೆದುಕೊಂಡು ಹೋಗಿ ತೊಳೆದು ತಂದೆ. ಆ ಮೂರು ಸಂಜೆ ನಾನು ನೋವನ್ನು ಅಳೆಯುತ್ತಿದ್ದೇನೆ ಅಂದುಕೊಂಡಿದ್ದೆ, ಅವರು ನನ್ನ ಒಂದು ನಿಮಿಷಕ್ಕೆ ಕಾಯುತ್ತಿದ್ದರು. ಆ ನಿಮಿಷವನ್ನೂ ನಾನು ಪೂರ್ತಿ ಕೊಟ್ಟಿರಲಿಲ್ಲ.

ಮೂರು ವಾರ ಬಿಟ್ಟು ಗುಂಪು ಸೇರಿದಾಗ ಫಲಿತಾಂಶ ಹೇಳಿ ಅಂದರು. ಎದ್ದು ನಿಂತು ಇದ್ದದ್ದನ್ನೇ ಹೇಳಿದೆ. ಐಸ್ ಡ್ರಮ್ಮಿನಲ್ಲಿ ಕೂತವರಿಗೆ ಮೊದಲ ಸಂಜೆ ಹಗುರ ಅನ್ನಿಸಿದೆ, ಎರಡನೇ ದಿನಕ್ಕೆ ಅದು ಉಳಿದಿಲ್ಲ. ಮಸಾಜ್ ಮಾಡಿಸಿಕೊಂಡವರು ಅವತ್ತು ಚೆನ್ನಾಗಿ ನಿದ್ದೆ ಮಾಡಿದ್ದಾರೆ. ನಡೆದವರು ಮೂರನೇ ದಿನ ಉಳಿದವರಿಗಿಂತ ಸ್ವಲ್ಪ ಸಲೀಸಾಗಿ ಮೆಟ್ಟಿಲು ಇಳಿದಿದ್ದಾರೆ. ಆಮೇಲೆ ವಿಚಾರಿಸಿದರೆ ನಾಲ್ಕನೇ ದಿನ ಎಲ್ಲರೂ ಒಂದೇ. ಯಾವುದೂ ಗೆದ್ದಿಲ್ಲ, ನನ್ನ ಲೆಕ್ಕ ಯಾವುದಕ್ಕೂ ಬಾರದ್ದು ಅಂದೆ. ಮೈಗೆ ಹೊಟ್ಟೆತುಂಬ ಊಟ, ನೀರು, ನಿದ್ದೆ ಕೊಟ್ಟರೆ ತಾನೇ ಸರಿಹೋಗುತ್ತದೆ, ಜ್ವರ ಬಂದ ವಾರ ಯಾರೂ ಓಡಬಾರದು, ಓಡಿದ ದಿನ ನೋವಿನ ಗುಳಿಗೆ ನುಂಗಬಾರದು, ಮೂತ್ರ ಕಪ್ಪಾದರೆ ಮಜ್ಜಿಗೆ ಕುಡಿಯುತ್ತ ಕೂರದೆ ಆಸ್ಪತ್ರೆಗೆ ಓಡಬೇಕು ಅಂತ ಹೇಳಿದೆ.

"ಆ ಓಟ ಬೇಕಾದ್ರೆ ಓಡಬಹುದಲ್ರಿ?" ಅಂದರು ವಿರೂಪಾಕ್ಷಪ್ಪ. ಬಹಳ ದಿನಗಳ ಮೇಲೆ ಎಲ್ಲರೂ ನಕ್ಕರು.

ಸಾಹೇಬರಿಗೆ ಆರು ತಿಂಗಳು ಓಟ ಬೇಡ ಅಂದರು ಡಾಕ್ಟರು. ಆದರೂ ಭಾನುವಾರ ಮೊದಲ ಬಸ್ಸಿಗೆ ಬಂದು, ನೀರಿನ ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಗದರಿಸುವಂತೆ ಕಣ್ಣು ಬಿಟ್ಟೆ. "ಓಡಬ್ಯಾಡ ಅಂದಾರ್ರಿ. ಬರಬ್ಯಾಡ ಅಂದಿಲ್ಲಲ್ಲ," ಅಂದರು.

ಆಮೇಲೆ ನಾನು ಕ್ಲಿನಿಕ್ಕಿನ ಕಾರ್ಡನ್ನೇ ಬದಲಿಸಿದೆ. ಈಗ ನನ್ನ ಬಳಿ ಬರುವ ಯಾರಿಗೂ ಹೆಂಗದೀರಿ ಅಂತ ಕೇಳುವುದಿಲ್ಲ. ಇವತ್ತು ಎಷ್ಟು ಸಲ ಮೆಟ್ಟಿಲು ಹತ್ತಿದಿರಿ, ಏನು ಊಟ ಮಾಡಿದಿರಿ, ಬಾಗಿಲಿಗೆ ಯಾರಾದರೂ ಬಂದರೆ ಎದ್ದು ಹೋಗಿ ತೆಗೆಯುತ್ತೀರಾ, ಇಂಥದ್ದನ್ನು ಕೇಳುತ್ತೇನೆ. ಇವಕ್ಕೆ ಆರಾಮ ಅಂತ ಉತ್ತರ ಕೊಡಲು ಬರುವುದಿಲ್ಲ. ಕೊನೆಯ ಪ್ರಶ್ನೆ ಇದು: ನಿನ್ನೆಯಿಂದ ಇವತ್ತಿನ ತನಕ ಕೆಲಸಕ್ಕಲ್ಲದೆ ನಿಮ್ಮ ಜೊತೆ ಯಾರು ಮಾತಾಡಿದ್ದಾರೆ? ನೋವಿಗೆ ಕೈ ಹಚ್ಚುವ ಮುಂಚೆ ಇದರ ಉತ್ತರ ತಿಳಿದಿರಬೇಕು ಅಂತ ವೃತ್ತಿ ನನಗೆ ಕಲಿಸಿತು, ಅದೂ ಬಹಳ ತಡವಾಗಿ. ಮನೆಯಲ್ಲಿ ಯಾರೂ ಇಲ್ಲದವರ ನೋವನ್ನು ಅವರೇ ನೋಡಿಕೊಳ್ಳಬೇಕು, ಅವರು ಅದನ್ನು ನಮಗೆ ಹೇಳುವ ಮೊದಲು ನಾವು ಕೇಳಬೇಕು.

ಕಾರ್ಡು ಅಚ್ಚಾಗಿ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಯಾವ ಫಾರಂ ಆದರೂ ಮೊದಲು ನಾನೇ ತುಂಬಿ ನೋಡುವುದು ಹಳೆಯ ಅಭ್ಯಾಸ. ಮೆಟ್ಟಿಲು, ಊಟ, ಬಾಗಿಲು ಎಲ್ಲ ತುಂಬಿದೆ. ಕೊನೆಯ ಖಾನೆಯಲ್ಲಿ ಬರೆಯಲು ಪೆನ್ನು ಹಿಡಿದು ಕೂತೆ. ನೆನಪು ಮಾಡಿಕೊಂಡೆ. ಶನಿವಾರ ಹದಿನಾಲ್ಕು ಪೇಶಂಟುಗಳು, ಹಾಲಿನವನು, ಕರೆಂಟಿನವನು. ಆ ಭಾನುವಾರ ಓಟ ಇರಲಿಲ್ಲ, ಬೆಳಿಗ್ಗೆಯಿಂದ ನನ್ನ ಧ್ವನಿಯನ್ನು ನಾನೇ ಕೇಳಿರಲಿಲ್ಲ. ಒಂದು ಹೆಸರೂ ಬರೆಯಲು ಆಗಲಿಲ್ಲ. ಐವತ್ತೇಳನೇ ವಯಸ್ಸಿನಲ್ಲಿ, ನನ್ನದೇ ಕಾರ್ಡಿನ ಮುಂದೆ, ನಾನು ಒಂಟಿ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿಕೊಂಡೆ.

ಕಾರ್ಡು ಪಕ್ಕಕ್ಕಿಟ್ಟು ದಸ್ತಗೀರ್ ಸಾಹೇಬರಿಗೆ ಫೋನ್ ಹಚ್ಚಿದೆ.

"ಯಾಕ ಮೇಡಂ? ರಿಪೋರ್ಟಿನ್ಯಾಗ ಏನಾರ ಬಂತೇನ್ರಿ?" ಧ್ವನಿಯಲ್ಲಿ ಗಾಬರಿ ಇತ್ತು.

"ಇಲ್ರಿ, ರಿಪೋರ್ಟು ಛಲೋ ಐತೆ. ಸುಮ್ನೆ ಮಾಡ್ದೆ."

"ಸುಮ್ನೆ ಅಂದ್ರ?"

"ಸುಮ್ನೆ ಅಂದ್ರೆ ಸುಮ್ನೆ ಸಾಬ್ರೆ. ಮನೇಲಿ ಒಬ್ಬಳೇ ಇದ್ದೆ. ಬ್ಯಾಸರ ಆತು. ಮಾತಾಡ್ಬೇಕು ಅನ್ನಿಸ್ತು."

"ಹಂಗಾರ ತಡೀರಿ," ಅಂದರು. "ಒಲಿ ಮ್ಯಾಲೆ ಅನ್ನಕ್ಕ ಇಟ್ಟೀನಿ, ಆರ್ಸಿ ಬರ್ತೀನಿ. ಇಡಬ್ಯಾಡ್ರಿ ಮತ್ತ."

ಇಡಲಿಲ್ಲ. ಅವರು ಎದ್ದು ಅಡುಗೆಮನೆಗೆ ನಡೆದು ಹೋಗುವ ಸಪ್ಪಳ, ಸ್ಟೌ ಆರಿಸಿದ ಟಿಕ್ ಅನ್ನುವ ಸದ್ದು, ಮತ್ತೆ ವಾಪಸು ಬರುವ ಹೆಜ್ಜೆ ಎಲ್ಲ ಕೇಳುತ್ತಿತ್ತು. ಫೋನು ಕಿವಿಗೆ ಒತ್ತಿ ಹಿಡಿದುಕೊಂಡು ಕಾದೆ.